ಒಕ್ಕದ ಹೆಸರು ಹಿಡಿದು ಹಿಂದಕ್ಕೆ: ಬ್ರಿಟಿಷ್ ಕಾಲದ ಕೊಡಗಿನ ಹಿರಿಯರನ್ನು ಕಡತಗಳಲ್ಲಿ ಹುಡುಕುವ ಬಗೆ

ಕೊಡಗಿನಲ್ಲಿ ಮುತ್ತಜ್ಜನ ಜಾಡು ಹಿಡಿದು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಹಳೆಯ ಜಮಾಬಂದಿಯಲ್ಲಿ (ಕಂದಾಯದ ಲೆಕ್ಕದ ಪುಸ್ತಕ) ತಮ್ಮ ಒಕ್ಕದ, ಅಂದರೆ ಒಂದೇ ಮೂಲದ ಕೂಡುಕುಟುಂಬದ, ಹೆಸರಿನ ಜೊತೆ ಒಬ್ಬ ಪಟ್ಟೆದಾರನ ಹೆಸರು ಕಂಡರೆ ಸಾಕು, ಅವನನ್ನೇ ಮುತ್ತಜ್ಜ ಎಂದು ವಂಶವೃಕ್ಷಕ್ಕೆ ಏರಿಸಿಬಿಡುತ್ತಾರೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇಡೀ ಒಕ್ಕಕ್ಕೆ ಸೇರಿದ್ದು, ಸರ್ಕಾರದ ಪುಸ್ತಕದಲ್ಲಿ ಅದು ಕೂತಿರುತ್ತಿದ್ದುದು ಒಕ್ಕದ ಹಿರಿಯನ, ಅಂದರೆ ಪಟ್ಟೆದಾರನ, ಹೆಸರಿನಲ್ಲಿ. ಆ ಹಿರಿಯ ನಿಮ್ಮ ಮುತ್ತಜ್ಜನ ಅಣ್ಣ ಇರಬಹುದು, ದೊಡ್ಡಪ್ಪ ಇರಬಹುದು, ಮಕ್ಕಳಿಲ್ಲದೆ ತೀರಿಕೊಂಡ ದಾಯಾದಿಯೂ ಇರಬಹುದು. ಒಕ್ಕ ಯಾವ ನಾಡಿನ ಯಾವ ಗ್ರಾಮದಲ್ಲಿ ಎಷ್ಟು ಭೂಮಿ ಇಟ್ಟುಕೊಂಡಿತ್ತು ಎಂಬುದಕ್ಕೆ ಜಮೀನಿನ ಕಾಗದದಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಯಾರ ಮಗ ಯಾರು ಎಂದು ಕೇಳಿದರೆ ಅದು ಬಾಯಿ ಬಿಡುವುದು ಕಡಿಮೆ. ಆ ಉತ್ತರ ಪಲ್ಟನ್ನಿನ ಕಾಗದದಲ್ಲಿ, ಚರ್ಚಿನ ಅಥವಾ ಜಮಾತಿನ ಮದುವೆ ಪುಸ್ತಕದಲ್ಲಿ, ಕೋರ್ಟಿನ ದಾವೆಯಲ್ಲಿ ಸಿಗುತ್ತದೆ. ಇವೆಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಓದಿದರೆ ಮಾತ್ರ ಹೆಸರಿನ ಹಿಂದಿನ ಮನುಷ್ಯ ಕಾಣುತ್ತಾನೆ.

ಮೊದಲು ಮನೆಯಲ್ಲಿ

ಕಚೇರಿಯ ಮೆಟ್ಟಿಲು ಹತ್ತುವ ಮೊದಲು ನಾಲ್ಕು ವಿಷಯ ಕೈಯಲ್ಲಿರಬೇಕು: ಒಕ್ಕದ ಅಥವಾ ಕುಟುಂಬದ ಹೆಸರು, ಐನ್‌ಮನೆ (ಒಕ್ಕದ ಮೂಲಮನೆ) ಇರುವ ಗ್ರಾಮ, ಆ ಗ್ರಾಮ ಹಿಂದೆ ಸೇರಿದ್ದ ನಾಡು (ತಾಲ್ಲೂಕಿನೊಳಗಿನ ಗ್ರಾಮಗಳ ಗುಂಪು), ಹುಡುಕುತ್ತಿರುವವರ ತಂದೆಯ ಹೆಸರು. ನಾಡಿನ ಹೆಸರು ಗೊತ್ತಿಲ್ಲದೆ ಹಳೆಯ ಪುಸ್ತಕ ತೆರೆದರೆ ದಿನವೆಲ್ಲ ಹಾಳೆ ಮಗುಚುವುದೇ ಆಗುತ್ತದೆ. ಬ್ರಿಟಿಷರ ಕಾಲದ ತಾಲ್ಲೂಕುಗಳು ಇಂದಿನವಲ್ಲ. ಮಡಿಕೇರಿ, ಪಡಿನಾಲ್ಕುನಾಡು, ಎಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ, ಏಳುಸಾವಿರಸೀಮೆ ಎಂದು ಹೆಸರುಗಳಿದ್ದವು. ತಾಲ್ಲೂಕಿಗೆ ಸುಬೇದಾರ, ನಾಡಿಗೆ ಪಾರುಪತ್ತೆಗಾರ, ಲೆಕ್ಕಕ್ಕೆ ಶಾನುಭೋಗ, ಗ್ರಾಮಕ್ಕೆ ಪಟೇಲ. ನಾಪೋಕ್ಲು ಕಡೆಯವರು ಪಡಿನಾಲ್ಕುನಾಡಿನಲ್ಲಿ, ವಿರಾಜಪೇಟೆ ಕಡೆಯವರು ಎಡೆನಾಲ್ಕುನಾಡಿನಲ್ಲಿ, ಪೊನ್ನಂಪೇಟೆ–ಹುದಿಕೇರಿ ಕಡೆಯವರು ಕಿಗ್ಗಟ್ಟುನಾಡಿನಲ್ಲಿ ಹುಡುಕಬೇಕು. ಬಹುಕಾಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರೇ ತಾಲ್ಲೂಕುಗಳಿದ್ದು, ಈಚೆಗೆ ಕುಶಾಲನಗರವೂ ಪೊನ್ನಂಪೇಟೆಯೂ ಬೇರೆಯಾದವು. ಹಾಗಾಗಿ ನಿಮ್ಮ ಗ್ರಾಮದ ಹಳೆಯ ಪುಸ್ತಕ ಹೊಸ ತಾಲ್ಲೂಕು ಕಚೇರಿಗೆ ಬಂದಿದೆಯೋ ಹಳೆಯದರಲ್ಲೇ ಉಳಿದಿದೆಯೋ ಎಂದು ಮೊದಲೇ ವಿಚಾರಿಸಿ.

ಒಕ್ಕದ ಕೊರವುಕಾರರ (ಹಿರಿಯರ) ಬಳಿ ಕೂತು ಮಾತಾಡಿ. ಕೈಮಡದಲ್ಲಿ (ಹಿರಿಯರ ಗುಡಿ) ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಕೊಡುವಾಗ ಯಾರ ಯಾರ ಹೆಸರು ಹೇಳುತ್ತಾರೆ, ಯಾವ ಕ್ರಮದಲ್ಲಿ ಹೇಳುತ್ತಾರೆ ಎಂದು ಹಾಗೇ ಬರೆದುಕೊಳ್ಳಿ. ತಿದ್ದಬೇಡಿ, ಅರ್ಥ ಹಚ್ಚಬೇಡಿ. ಕೊಡಗಿನಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವುದರಿಂದ ಬೋಪಯ್ಯ, ಮುದ್ದಯ್ಯ, ಬೋಪಯ್ಯ ಎಂದು ಮೂರು ತಲೆಮಾರು ಸಾಗಿದರೆ ನಡುವಿನವನೊಬ್ಬ ಕಳೆದುಹೋಗಿ ಇಬ್ಬರು ಬೋಪಯ್ಯರು ಒಬ್ಬನೇ ಆಗಿಬಿಡುವ ಅಪಾಯವಿದೆ. ಪ್ರತಿ ಹೆಸರಿನ ಪಕ್ಕದಲ್ಲಿ ಅಂದಾಜು ಕಾಲ ಬರೆದಿಟ್ಟರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಪೆಟ್ಟಿಗೆ ಬಿಚ್ಚುವ ಕೆಲಸ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹವೆಯಲ್ಲಿ ಹಳೆಯ ಕಾಗದ ನೀರು ಹೀರಿ ಒಂದಕ್ಕೊಂದು ಅಂಟಿರುತ್ತದೆ, ಎಳೆದರೆ ಅಕ್ಷರವೇ ಕಿತ್ತು ಬರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ, ನೆರಳಿನಲ್ಲಿ, ಫ್ಯಾನ್ ಗಾಳಿಗೆ ಹರವಿ. ಬಿಸಿಲಿಗೆ ಇಟ್ಟರೆ ಶಾಯಿ ಮಾಸುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಕಾಗದವನ್ನು ಕೊಲ್ಲುವ ಕೆಲಸ.

ಜಮೀನಿನ ಕಾಗದ: ಇಂದಿನಿಂದ ಹಿಂದಕ್ಕೆ

ರಾಜರ ಕಾಲದ ಸನ್ನದಿನಿಂದ ಮುಂದಕ್ಕೆ ಬರುತ್ತೇನೆ ಎಂದು ಹೊರಟವರು ದಾರಿ ತಪ್ಪುತ್ತಾರೆ. ಇಂದಿನ ಪಹಣಿಯಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು.

ಭೂಮಿ ತಂತ್ರಾಂಶದ ಪಹಣಿಯಲ್ಲಿ 9ನೇ ಕಾಲಂ ಸ್ವಾಧೀನದಾರರ ಹೆಸರು, 10ನೇ ಕಾಲಂ ಆ ಹೆಸರು ಹೇಗೆ ಬಂತು ಎಂಬುದು. ಅಲ್ಲಿರುವ ಎಂ.ಆರ್. (ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ) ಸಂಖ್ಯೆಯೇ ನಿಮ್ಮ ಮೊದಲ ಕೊಂಡಿ. ಆ ಸಂಖ್ಯೆ ಕೊಟ್ಟು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಮ್ಯುಟೇಶನ್ ರಿಜಿಸ್ಟರಿನ ನಕಲು ಪಡೆಯಿರಿ. ಪೌತಿ ಖಾತೆಯಾಗಿದ್ದರೆ ಸತ್ತವರು ಯಾರು, ವಾರಸುದಾರರು ಯಾರು, ಅವರಿಗೆ ಸಂಬಂಧವೇನು ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿಂದ ಕೈಬರಹದ ಪಹಣಿ, ಅದರ ಹಿಂದಿನ ಹಕ್ಕುದಾಖಲೆ, ಅದರ ಹಿಂದೆ ಜಮಾಬಂದಿ. ಸರ್ವೆ ಇಲಾಖೆಯಲ್ಲಿ ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಪ್ರತ್ಯೇಕವಾಗಿ ಸಿಗುತ್ತವೆ. ಸರ್ವೆ ನಂಬರು ಒಡೆದು ಹೊಸ ಹಿಸ್ಸೆಗಳಾಗಿದ್ದರೆ ಹಳೆಯ ನಂಬರು ಯಾವುದು ಎಂದು ತಿಳಿಯುವುದು ಅಲ್ಲಿಯೇ. ಹಳೆಯ ನಂಬರು ಗೊತ್ತಾಗದೆ ಜಮಾಬಂದಿ ಕೇಳಿದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬರುವುದು ಸಹಜ. ಎಷ್ಟೋ ಸಲ ಪುಸ್ತಕ ಅಲ್ಲೇ ಇರುತ್ತದೆ, ನೀವು ಕೊಟ್ಟ ನಂಬರು ಮಾತ್ರ ಅದರಲ್ಲಿರುವುದಿಲ್ಲ.

ಜಮಾಬಂದಿಯ ಒಂದು ಸಾಲನ್ನು ನಿಧಾನವಾಗಿ ಓದಬೇಕು. ಎಡದಲ್ಲಿ ನಾಡು, ಗ್ರಾಮ, ಆಮೇಲೆ ಸರ್ವೆ ನಂಬರು, ಜಮೀನಿನ ವಿಧ, ವಿಸ್ತೀರ್ಣ, ಕಂದಾಯ, ಕೊನೆಗೆ ಹೆಸರು. ವಿಧದ ಜಾಗದಲ್ಲಿರುವ ಒಂದು ಪದ ಇಡೀ ಕುಟುಂಬದ ಸ್ಥಿತಿಯನ್ನು ಹೇಳಿಬಿಡುತ್ತದೆ. ಜಮ್ಮಾ ಎಂದಿದ್ದರೆ ವಂಶಪಾರಂಪರ್ಯದ ಹಿಡುವಳಿ. ರಾಜರ ಕಾಲದಿಂದ ಕರೆದಾಗ ಆಯುಧ ಹಿಡಿದು ಬರಬೇಕೆಂಬ ಹೊಣೆ ಅದಕ್ಕಿತ್ತು, ಬದಲಿಗೆ ಕಂದಾಯ ಅರ್ಧ. ಪೂರ್ತಿ ಕಂದಾಯದ ಸಾಗು ಜಮೀನಿಗೆ 100 ಭಟ್ಟಿಗೆ (ಭಟ್ಟಿ ಎಂದರೆ ಗದ್ದೆಯ ಹಳೆಯ ಅಳತೆ) 10 ರೂಪಾಯಿಯಾದರೆ ಜಮ್ಮಾಕ್ಕೆ 5 ರೂಪಾಯಿ. ವಿಧದ ಕಾಲಂ ಹರಿದುಹೋಗಿದ್ದರೂ ಭಟ್ಟಿ ಮತ್ತು ಕಂದಾಯ ಎರಡೂ ಉಳಿದಿದ್ದರೆ ಈ ಲೆಕ್ಕದಿಂದಲೇ ಜಮ್ಮಾವೋ ಸಾಗೋ ಎಂದು ಪತ್ತೆ ಹಚ್ಚಬಹುದು. ಉಂಬಳಿ ಎಂದಿದ್ದರೆ ಸೇವೆಗಾಗಿ ಕೊಟ್ಟದ್ದು, ಆಗ ಯಾವ ಸೇವೆ ಎಂದು ಹುಡುಕಿ, ಅದು ಒಂದು ತಲೆಮಾರು ಹಿಂದಕ್ಕೆ ಕರೆದೊಯ್ಯುತ್ತದೆ. ಬಾಣೆ ಎಂದರೆ ಗದ್ದೆಗೆ ಅಂಟಿಕೊಂಡ, ಸೊಪ್ಪು, ಸೌದೆ, ಮೇವಿಗಾಗಿ ಬಿಟ್ಟ ಕಾಡು. ಪೈಸಾರಿ ಎಂದರೆ ಸರ್ಕಾರದ್ದು. ಪೈಸಾರಿಯನ್ನು ದರಖಾಸ್ತಿನಲ್ಲಿ ಪಡೆದಿದ್ದರೆ ಆ ದರಖಾಸ್ತು ಕಡತವನ್ನು ಬಿಡಬೇಡಿ. ಯುದ್ಧದಿಂದ ಮರಳಿದವರು ಜಮೀನಿಗೆ ಅರ್ಜಿ ಹಾಕಿದಾಗ ಡಿಸ್‌ಚಾರ್ಜ್ ಪ್ರಮಾಣಪತ್ರದ ನಕಲನ್ನು ಲಗತ್ತಿಸಿರುವುದುಂಟು. ಜಮೀನಿನ ಕಡತದೊಳಗೇ ಪಲ್ಟನ್ನಿನ ನಂಬರು ಸಿಗುವ ಜಾಗ ಇದು.

ಹೆಸರಿನ ಕಾಲಂನಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ, ‘ಉರುಫ್’ ಎಂದರೆ ಇನ್ನೊಂದು ಹೆಸರು. ‘ಮುದ್ದಯ್ಯ ಬಿನ್ ಬೋಪಯ್ಯ’ ಎಂದು ತಂದೆಯ ಹೆಸರು ಇದ್ದರೆ ಅದೃಷ್ಟ. ಬರೀ ‘ಪಟ್ಟೆದಾರ ಮುದ್ದಯ್ಯ’ ಎಂದಿದ್ದರೆ ನಿಲ್ಲಿ. ಪಟ್ಟೆದಾರಿಕೆ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅಣ್ಣನ ಮಗನಿಗೆ, ಒಕ್ಕದಲ್ಲಿ ವಯಸ್ಸಾದವನಿಗೆ ದಾಟುತ್ತಿತ್ತು. ಒಂದಾದ ಮೇಲೊಂದು ಬರುವ ಐದು ಪಟ್ಟೆದಾರರ ಹೆಸರು ಐದು ತಲೆಮಾರಲ್ಲ, ಎರಡೇ ತಲೆಮಾರಿರಬಹುದು. ಪಟ್ಟೆದಾರ ಬದಲಾದ ವರ್ಷಗಳ ಪಟ್ಟಿ ಮಾಡಿ. ಇಬ್ಬರ ನಡುವೆ ಐದಾರು ವರ್ಷ ಮಾತ್ರ ಅಂತರವಿದ್ದರೆ ಅವರು ಅಣ್ಣತಮ್ಮಂದಿರಾಗಿರುವ ಸಂಭವವೇ ಹೆಚ್ಚು.

ವಿಸ್ತೀರ್ಣದಲ್ಲಿ ಒಂದು ಎಚ್ಚರಿಕೆ. ಕೊಡಗಿನಲ್ಲಿ ಎಕರೆ–ಸೆಂಟು ಲೆಕ್ಕ, ಒಂದು ಎಕರೆಗೆ 100 ಸೆಂಟು. ಮೈಸೂರು ಕಡೆಯ ಅಭ್ಯಾಸದಲ್ಲಿ ಅದನ್ನು ಗುಂಟೆ ಎಂದು ಓದಿದರೆ ಹಳೆಯ ಪುಸ್ತಕಕ್ಕೂ ಹೊಸದಕ್ಕೂ ತಾಳೆಯೇ ಆಗುವುದಿಲ್ಲ, ಇದು ಬೇರೆ ಜಮೀನು ಎಂದು ಬಿಟ್ಟುಬಿಡುತ್ತೀರಿ.

ಕಾಲದ ಲೆಕ್ಕವೂ ಕಾಡುತ್ತದೆ. ಲಿಂಗರಾಜೇಂದ್ರರ ಕಾಲದ ಶಿಸ್ತಿನ (ಕಂದಾಯದ) ಲೆಕ್ಕಗಳು, ರಾಜರ ನಿರೂಪಗಳು (ಆಜ್ಞಾಪತ್ರಗಳು), ಬ್ರಿಟಿಷ್ ಆಳ್ವಿಕೆಯ ಮೊದಲ ದಶಕಗಳ ಕನ್ನಡ ಕಾಗದಗಳು ಸಂವತ್ಸರದ ಹೆಸರು ಹೇಳುತ್ತವೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ‘ಜಯ’ ಎಂದರೆ ಕೊಡಗು ಬ್ರಿಟಿಷರ ಕೈಗೆ ಹೋದ 1834–35 ಕೂಡ ಹೌದು, 1894–95 ಕೂಡ ಹೌದು. ಕಾಗದದಲ್ಲಿ ಬರುವ ಅಧಿಕಾರಿಯ ಹುದ್ದೆ, ಸ್ಟಾಂಪು, ಕಾಗದದ ಜಾತಿ ನೋಡಿ ಯಾವ ಸುತ್ತು ಎಂದು ತೀರ್ಮಾನಿಸಬೇಕು. 1899ರ ಕೊಡಗು ಭೂಕಂದಾಯ ರೆಗ್ಯುಲೇಶನ್ನಿನ ಉಲ್ಲೇಖ ಇದ್ದರೆ ಅದು ಅದರ ನಂತರದ್ದೇ.

ಅಮರ ಸುಳ್ಯ, ಪುತ್ತೂರು ಕಡೆಯ ಮೂಲವಿರುವ ಅರೆಭಾಷೆ ಗೌಡ ಕುಟುಂಬಗಳು ಇನ್ನೊಂದು ಮಾತು ನೆನಪಿಡಬೇಕು. 1834ರವರೆಗೆ ಆ ಸೀಮೆ ಕೊಡಗಿನ ರಾಜರದ್ದು, ಆಮೇಲೆ ಕಂಪನಿ ಸರ್ಕಾರ ಅದನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕೆನರಾ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದ್ದರಿಂದ ಕಂಪನಿಯ ವಿರುದ್ಧ ಎದ್ದ 1837ರ ದಂಗೆಯ ಕಾಲದ ಹಿರಿಯರ ಕಾಗದ ಮಡಿಕೇರಿಯಲ್ಲಿ ಸಿಗದಿದ್ದರೆ ಮಂಗಳೂರಿನಲ್ಲೂ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲೂ ಕೇಳಬೇಕು. ಅಲ್ಲಿಯ ಕಂದಾಯದ ಕಾಗದದಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಬರುತ್ತದೆ, ಅದಕ್ಕೆ 590 ಕೂಡಿಸಿ. ಫಸಲಿ 1300 ಎಂದರೆ 1890ರ ಜುಲೈಯಿಂದ 1891ರ ಜೂನ್‌ವರೆಗೆ.

ನೋಂದಣಿ ಮತ್ತು ಕೋರ್ಟು

ಕಾವೇರಿ ಆನ್‌ಲೈನ್‌ನಲ್ಲಿ ಸಿಗುವ ಋಣಭಾರ ಪತ್ರ ಈಚಿನ ವರ್ಷಗಳದ್ದು ಮಾತ್ರ. ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೈಬರಹದ ಸೂಚಿಗಳನ್ನೇ ನೋಡಿಸಬೇಕು. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. ಎರಡರಲ್ಲೂ ಹುಡುಕಿಸಿ. ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕದಲ್ಲಿವೆ, ಅದರ ನಕಲನ್ನು ಯಾರು ಬೇಕಾದರೂ ಕೇಳಬಹುದು. ಮರಣಶಾಸನಗಳು ಮೂರನೇ ಪುಸ್ತಕದಲ್ಲಿ, ಬರೆದವರು ತೀರಿಕೊಂಡ ಮೇಲೆ ಅದರ ನಕಲೂ ಸಿಗುತ್ತದೆ. ಜಮ್ಮಾ ಜಮೀನನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಮಾರುವಂತಿರಲಿಲ್ಲ, ಪಾಲು ಮಾಡುವಂತಿರಲಿಲ್ಲ. ಹಾಗಾಗಿ ಜಮ್ಮಾ ಮಾತ್ರ ಇದ್ದ ಒಕ್ಕಗಳ ಕ್ರಯಪತ್ರಗಳು ವಿರಳ. ಸಿಗಲಿಲ್ಲವೆಂದು ಗಾಬರಿ ಬೇಡ.

ಅದೇ ಕಾರಣಕ್ಕೆ ಕೋರ್ಟಿನ ಕಡತ ಇಲ್ಲಿ ಚಿನ್ನ. ಪಟ್ಟೆದಾರಿಕೆ ಯಾರಿಗೆ ಸೇರಬೇಕು, ದತ್ತು ಸಿಂಧುವೇ, ವಿಧವೆಗೆ ಜೀವನಾಂಶ ಎಷ್ಟು ಎಂಬ ವ್ಯಾಜ್ಯಗಳಲ್ಲಿ ವಾದಿಪತ್ರದ ಜೊತೆ ವಂಶವೃಕ್ಷವನ್ನೇ ಬರೆದು ಹಾಜರುಪಡಿಸುತ್ತಿದ್ದರು. ಎದುರು ಪಕ್ಷದವರು ಅದನ್ನು ಒಪ್ಪಿದರೇ ಅಲ್ಲಗಳೆದರೇ ಎಂಬುದನ್ನೂ ಓದಿ. ಎರಡೂ ಕಡೆಯವರು ಒಪ್ಪಿದ ಸಂಬಂಧವೇ ಭದ್ರ. ಇಂದು ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ಅರ್ಜಿದಾರರ ಅಫಿಡವಿಟ್ಟಿನ ಮೇಲೆ ನಿಂತಿರುತ್ತದೆ, ಅದನ್ನು ನೂರು ವರ್ಷದ ಹಿಂದಿನ ಸಂಗತಿಗೆ ಸಾಕ್ಷಿಯಾಗಿ ಬಳಸಬೇಡಿ.

ನಕಲಿನ ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪುಸ್ತಕ ಎಂದು ಬಿಡಿಸಿ ಬರೆಯಿರಿ. ‘ನಮ್ಮ ಒಕ್ಕದ ಎಲ್ಲ ದಾಖಲೆ’ ಎಂದು ಕೇಳಿದರೆ ಹುಡುಕುವವರಿಗೂ ದಾರಿ ಇರುವುದಿಲ್ಲ. ಮಾಹಿತಿ ಹಕ್ಕಿನಡಿ ಕೇಳುವುದಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜಮೀನು, ಕೋವಿ, ಪಿಂಚಣಿ ಮೂರನ್ನೂ ಒಂದೇ ಕಾಗದದಲ್ಲಿ ತುಂಬಿದರೆ ತಿರಸ್ಕಾರವಾಗುತ್ತದೆ.

ಕೋವಿ ಎಂದೆವಲ್ಲ, ಅದನ್ನೂ ಹೇಳಬೇಕು. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾನೂನಿನಿಂದ ವಿನಾಯಿತಿ ಇದೆ. ವಿನಾಯಿತಿ ಪತ್ರಕ್ಕಾಗಿ ಹಿಂದೆ ಹಾಕಿದ ಅರ್ಜಿಗಳಿಗೆ ಒಕ್ಕದ, ಜಮ್ಮಾದ ಪುರಾವೆ ಲಗತ್ತಿಸಿರುತ್ತಾರೆ. ಮನೆಯಲ್ಲಿ ಹಳೆಯ ವಿನಾಯಿತಿ ಪತ್ರ ಇದ್ದರೆ ಅದರ ನಂಬರು, ತಾರೀಕು ಬರೆದುಕೊಂಡು ಜಿಲ್ಲಾಧಿಕಾರಿ ಕಚೇರಿಯಲ್ಲಿ ಆ ಕಡತ ಕೇಳಿ.

ಪಲ್ಟನ್ನಿನ ಕಾಗದ

‘ಅಜ್ಜ ಕೂರ್ಗ್ ರೆಜಿಮೆಂಟಿನಲ್ಲಿದ್ದರು’ ಎಂಬ ಮನೆಮಾತನ್ನು ಹಾಗೇ ನಂಬಿ ಹುಡುಕಿದರೆ ಬಹುಪಾಲು ಏನೂ ಸಿಗುವುದಿಲ್ಲ. 1903ರಲ್ಲಿ 71ನೇ ಕೂರ್ಗ್ ರೈಫಲ್ಸ್ ಎಂಬ ಪಲ್ಟನ್ ಇತ್ತು, ಸಾಕಷ್ಟು ಜನ ಸೇರದೆ 1904ರಲ್ಲೇ ವಿಸರ್ಜನೆಯಾಯಿತು. ಆಮೇಲೆ ಎರಡನೇ ಮಹಾಯುದ್ಧದ ಹೊತ್ತಿಗೆ ಕೂರ್ಗ್ ಬೆಟಾಲಿಯನ್ ಕಟ್ಟಿದರು, ಅದು ಮುಂದೆ ತೋಪುಪಡೆಗೆ ಸೇರಿ 37ನೇ ಕೂರ್ಗ್ ಆ್ಯಂಟಿ ಟ್ಯಾಂಕ್ ರೆಜಿಮೆಂಟ್ ಆಯಿತು. ನಡುವಿನ ಕಾಲದಲ್ಲಿ, ಮೊದಲ ಮಹಾಯುದ್ಧ ಸೇರಿ, ನಮ್ಮವರು ಮದ್ರಾಸ್ ಸ್ಯಾಪರ್ಸ್, ಪಯನಿಯರ್, ಸರಬರಾಜು, ಸಿಗ್ನಲ್, ಆಸ್ಪತ್ರೆ ದಳ ಹೀಗೆ ಹತ್ತು ಕಡೆ ಹಂಚಿಹೋಗಿದ್ದರು. ಯುನಿಟ್ಟಿನ ಹೆಸರು ಗೊತ್ತಾಗದೆ ಮುಂದಿನ ಹೆಜ್ಜೆ ಇಲ್ಲ.

ಯುನಿಟ್ ತಿಳಿಯಲು ಮನೆಯ ಪದಕವೇ ಮೊದಲ ಪುಸ್ತಕ. ಮೊದಲ ಮಹಾಯುದ್ಧದ ದುಂಡು ಪದಕಗಳ ಅಂಚಿನ ಮೇಲೆ ನಂಬರು, ರ‍್ಯಾಂಕು, ಹೆಸರು, ಯುನಿಟ್ ಕೊರೆದಿರುತ್ತದೆ. ನಕ್ಷತ್ರಾಕಾರದ ಪದಕವಾದರೆ ಹಿಂಬದಿಯಲ್ಲಿ ನೋಡಿ. ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದ ಪದಕ ಕೊಟ್ಟರೂ ಭಾರತೀಯ ಸೇನೆಯವರ ಪದಕಗಳಲ್ಲಿ ಹೆಸರು ಇರುತ್ತದೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ, ಅಂಚಿನ ಅಕ್ಷರ ಸವೆದುಹೋಗುತ್ತದೆ. ಪದಕವನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದು, ಒಂದು ಕಡೆಯಿಂದ ಮಾತ್ರ ಬೆಳಕು ಬೀಳುವಂತೆ ತಿರುಗಿಸುತ್ತಾ ಓದಿ. ಆಗಲೂ ಕಾಣದಿದ್ದರೆ ತೆಳುವಾದ ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಉಜ್ಜಿದರೆ ಅಕ್ಷರ ಮೂಡುತ್ತದೆ. ನಂಬರನ್ನು ಒಂದು ಅಂಕಿಯೂ ತಪ್ಪದಂತೆ ಬರೆದುಕೊಳ್ಳಿ. ಒಂದೇ ಹೆಸರಿನ ಇಬ್ಬರು ಇರಬಹುದು, ಒಂದು ಯುನಿಟ್ಟಿನಲ್ಲಿ ಒಂದು ನಂಬರಿನವರು ಒಬ್ಬರೇ.

ಹೆಸರು ರೋಮನ್ ಅಕ್ಷರಕ್ಕೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಇಬ್ಬರು ಜನರಲ್‌ಗಳೇ ಉದಾಹರಣೆ. ಕೆ.ಎಂ. ಕಾರಿಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರಿಯಪ್ಪ, ಕೆ.ಎಸ್. ತಿಮ್ಮಯ್ಯ ಎಂದರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮೊದಲ ಅಕ್ಷರ ಒಕ್ಕ, ಎರಡನೆಯದು ಹೆಚ್ಚಾಗಿ ತಂದೆ. ಒಕ್ಕ ಒಂದೇ ಅಕ್ಷರವಾಗಿ ಕುಗ್ಗಿಹೋಗುವುದರಿಂದ ಒಕ್ಕದ ಪೂರ್ತಿ ಹೆಸರಿನಿಂದ ಹುಡುಕಿದರೆ ಸೇನೆಯ ಪಟ್ಟಿಗಳಲ್ಲಿ ಸಿಗದು. ಇನ್ನು ಕಾರಿಯಪ್ಪ ಎಂಬ ಹೆಸರನ್ನು ಫೀಲ್ಡ್ ಮಾರ್ಷಲ್ ಅವರು ‘ಸಿ’ಯಿಂದ ಬರೆದರೆ ಬೇರೆಯವರು ‘ಕೆ’ಯಿಂದ ಬರೆಯುತ್ತಾರೆ. ಪೂವಯ್ಯ, ಪೊನ್ನಪ್ಪ, ಚಂಗಪ್ಪ ಇವಕ್ಕೂ ಎರಡು ಮೂರು ಕಾಗುಣಿತ ಇಟ್ಟುಕೊಂಡು ಹುಡುಕಿ. ಊರಿಗೂ ಅಷ್ಟೇ: ಕೊಡಗು ‘ಕೂರ್ಗ್’, ಮಡಿಕೇರಿ ‘ಮರ್ಕೆರಾ’, ಕುಶಾಲನಗರ ‘ಫ್ರೇಸರ್‌ಪೇಟ್’, ವಿರಾಜಪೇಟೆ ‘ವೀರರಾಜೇಂದ್ರಪೇಟ್’ ಎಂದು ಇಂಗ್ಲಿಷ್ ಕಾಗದಗಳಲ್ಲಿವೆ.

ಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಎರಡನೇ ಯುದ್ಧದವರ ನಮೂದುಗಳಲ್ಲಿ ಎಷ್ಟೋ ಬಾರಿ ಇಂಥವರ ಮಗ, ಇಂಥವಳ ಗಂಡ, ಇಂಥ ಊರು ಎಂದೂ ಇರುತ್ತದೆ. ಹೆಂಡತಿಯ ಹೆಸರು ಲಿಖಿತವಾಗಿ ಸಿಗುವ ಅಪರೂಪದ ಜಾಗ ಅದು. ಬಸ್ರಾ ಸ್ಮಾರಕದ ಕಲ್ಲಿನಲ್ಲಿ ಭಾರತೀಯ ಸಿಪಾಯಿಗಳ ಹೆಸರು ಕೆತ್ತಿಲ್ಲ. ಮೆಸೊಪೊಟೇಮಿಯಾದಲ್ಲಿ ಸತ್ತವರನ್ನು ಕಲ್ಲಿನ ಫೋಟೋದಲ್ಲಿ ಹುಡುಕದೆ ಕಮಿಷನ್ನಿನ ಪಟ್ಟಿಯಲ್ಲಿ ಹುಡುಕಿ. ಮಲಯ, ಬರ್ಮಾ ಕಡೆಯವರಿಗೆ ಸಿಂಗಪುರದ ಕ್ರಾಂಜಿ, ರಂಗೂನಿನ ತೌಕ್ಯಾನ್ ಸ್ಮಾರಕಗಳ ಪಟ್ಟಿ ನೋಡಿ. ಆಜಾದ್ ಹಿಂದ್ ಫೌಜಿಗೆ ಹೋದವರ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಬದುಕಿ ಬಂದವರ ಸೇವಾದಾಖಲೆ ಲಂಡನ್ನಿನಲ್ಲಿಲ್ಲ. ಸಿಪಾಯಿ, ನಾಯಕ್, ಜಮಾದಾರರ ಕಾಗದ ಅವರವರ ಪಲ್ಟನ್ನಿನ ರೆಕಾರ್ಡ್ ಆಫೀಸಿನಲ್ಲಿ, ಇಲ್ಲೇ ಭಾರತದಲ್ಲಿದೆ. ತೋಪುಪಡೆಗೆ ನಾಸಿಕ್ ರೋಡ್, ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಸಿಗ್ನಲ್‌ಗೆ ಜಬಲ್ಪುರ, ವೈದ್ಯಕೀಯ ದಳಕ್ಕೆ ಲಖನೌ. ಅರ್ಜಿಯಲ್ಲಿ ನಂಬರು, ರ‍್ಯಾಂಕು, ಹೆಸರು, ತಂದೆಯ ಹೆಸರು, ಗ್ರಾಮ, ಸೇರಿದ ವರ್ಷ ಬರೆದು, ನಿಮ್ಮ ಸಂಬಂಧಕ್ಕೆ ಪುರಾವೆ ಲಗತ್ತಿಸಿ. ಕೇಳಬೇಕಾದ್ದು ಶೀಟ್ ರೋಲ್ (ಒಬ್ಬ ಸಿಪಾಯಿಯ ಸೇವಾವಿವರದ ಹಾಳೆ) ಮತ್ತು ಕಿಂಡ್ರೆಡ್ ರೋಲ್. ಕಿಂಡ್ರೆಡ್ ರೋಲಿನಲ್ಲಿ ತಂದೆ, ತಾಯಿ, ಹೆಂಡತಿ, ಮಕ್ಕಳು ಎಂದು ಸಂಬಂಧ ಸಮೇತ ಬರೆದಿರುತ್ತದೆ. ಶೀಟ್ ರೋಲ್ ಉಳಿದಿಲ್ಲ ಎಂದರೆ ಲಾಂಗ್ ರೋಲಿನ (ಪಲ್ಟನ್ನಿನ ಎಲ್ಲರ ಹೆಸರಿನ ಪಟ್ಟಿ) ನಮೂದನ್ನಾದರೂ ಕೇಳಿ, ಅದು ಒಂದೇ ಸಾಲಾದರೂ ಬೆಲೆಯುಳ್ಳದ್ದು. ಪಿಂಚಣಿ ಪಡೆದವರಾದರೆ ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ನಂಬರು ಹುಡುಕಿ, ಅದರ ಕಡತ ಪ್ರಯಾಗರಾಜದ ಪಿಂಚಣಿ ಲೆಕ್ಕಾಧಿಕಾರಿ ಕಚೇರಿಗೆ ಸಂಬಂಧಿಸಿದ್ದು. ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.

ಅಧಿಕಾರಿಗಳ ವಿಷಯ ಬೇರೆ. ಇಂಡಿಯನ್ ಆರ್ಮಿ ಲಿಸ್ಟ್‌ಗಳಲ್ಲಿ ಸೇನೆಯ ಸುಬೇದಾರ, ಜಮಾದಾರರ ಹೆಸರೂ ಯುನಿಟ್‌ವಾರು, ತಾರೀಕು ಸಮೇತ ಇವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಒಂದು ಸಂಪುಟದಲ್ಲಿ ಹೆಸರು ಕಂಡರೆ ಸಾಲದು, ಮುಂದಿನ ಹಿಂದಿನ ಸಂಪುಟಗಳನ್ನೂ ನೋಡಿ ಯಾವಾಗ ಬಂದರು, ಯಾವಾಗ ಮಾಯವಾದರು ಎಂದು ಗುರುತಿಸಿ. ಕಿಂಗ್ಸ್ ಕಮಿಷನ್ ಪಡೆದ ಭಾರತೀಯ ಅಧಿಕಾರಿಗಳ ವೈಯಕ್ತಿಕ ಕಡತಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸಿಗಬಹುದು.

1834ರ ನಂತರದ ಆಡಳಿತದ ಪತ್ರವ್ಯವಹಾರ, ಅಂದರೆ ಸುಬೇದಾರರ ನೇಮಕ, ಬಿರುದು, ಇನಾಂ, 1837ರಲ್ಲಿ ಕಂಪನಿ ಪರ ನಿಂತವರಿಗೆ ಕೊಟ್ಟ ಕೂರ್ಗ್ ಪದಕ ಇಂಥವು, ಕರ್ನಾಟಕ ರಾಜ್ಯ ಪತ್ರಾಗಾರದಲ್ಲೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಹುಡುಕಬೇಕಾದವು. ಮೊದಲು ಮೈಸೂರಿನ ಕಮಿಷನರೇ ಕೊಡಗನ್ನೂ ನೋಡುತ್ತಿದ್ದರು, 1881ರ ನಂತರ ಬೆಂಗಳೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್. ಆದ್ದರಿಂದ ‘ಮೈಸೂರು ರೆಸಿಡೆನ್ಸಿ’ ಎಂಬ ಶೀರ್ಷಿಕೆಯಡಿಯೂ ಕೊಡಗಿನ ಕಾಗದ ಇರುತ್ತದೆ. ದೆಹಲಿಯ ಸೂಚಿಯನ್ನು ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು.

ಮದುವೆ

ಇಲ್ಲಿ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಬೇಕು. ಬ್ರಿಟಿಷ್ ಕಾಲದಲ್ಲಿ ಕೊಡವರ, ಗೌಡರ, ಇತರ ಹಿಂದೂಗಳ ಮದುವೆಗೆ ಸರ್ಕಾರದಲ್ಲಿ ನೋಂದಣಿ ಇರಲಿಲ್ಲ. ಜನಗಣತಿಯ ಮನೆಮನೆಯ ಹಾಳೆಗಳನ್ನೂ ಉಳಿಸಿಲ್ಲ. ಹಾಗಾಗಿ ಹೆಣ್ಣಿನ ಕಡೆಯ ಜಾಡನ್ನು ಸುತ್ತುದಾರಿಯಲ್ಲಿ ಹಿಡಿಯಬೇಕು.

ಮದುವೆಯಾದ ಮೇಲೆ ಹೆಣ್ಣು ಗಂಡನ ಒಕ್ಕದ ಹೆಸರು ಹೊತ್ತಳು, ಕಾಗದದಲ್ಲಿ ಅವಳು ಬರೀ ‘ಕೋಂ’ ಆದಳು. ಅವಳ ತಾಮನೆ (ತವರುಮನೆ) ಯಾವುದು ಎಂಬುದು ನೆನಪಿನಲ್ಲಷ್ಟೇ ಉಳಿಯಿತು. ಮುತ್ತಜ್ಜಿಯ ತಾಮನೆ ಹೇಳಬಲ್ಲವರು ಈಗ ಎಂಬತ್ತು ದಾಟಿದವರು. ಉಳಿದ ಕಾಗದವೆಲ್ಲ ಮುಂದಿನ ವರ್ಷಕ್ಕೂ ಕಾಯುತ್ತದೆ, ಈ ಕೆಲಸ ಕಾಯುವುದಿಲ್ಲ. ಮೊದಲು ಇದನ್ನೇ ಮಾಡಿ. ತಾಮನೆಯ ಒಕ್ಕ ಗೊತ್ತಾದರೆ ಅವರ ಐನ್‌ಮನೆಗೆ ಹೋಗಿ, ಮಗಳನ್ನು ಯಾವ ಒಕ್ಕಕ್ಕೆ ಕೊಟ್ಟೆವು ಎಂಬ ನೆನಪು ಅಲ್ಲಿ ಬೇರೆಯಾಗಿ ಉಳಿದಿರುತ್ತದೆ. ಎರಡೂ ಕಡೆಯ ಮಾತು ತಾಳೆಯಾದರೆ ಅದು ಸಾಕ್ಷಿ. ಎರಡೂ ಒಕ್ಕದ ಅರುವರ ಮನೆತನವನ್ನೂ ಮರೆಯಬೇಡಿ, ಮದುವೆಯಲ್ಲಿ ಸಂಬಂಧ ಒಪ್ಪಿಸಿ ಸಾಕ್ಷಿ ನಿಲ್ಲುತ್ತಿದ್ದವರು ಅವರೇ. ಮದುವೆಗೆ ಬಂದ ಹಣ, ಉಡುಗೊರೆ ಬರೆದಿಟ್ಟ ಹಳೆಯ ಪುಸ್ತಕವಿದ್ದರೆ ಅದರಲ್ಲಿ ನೆಂಟರ ಊರು, ಒಕ್ಕ ಸಾಲುಸಾಲಾಗಿ ಸಿಗುತ್ತದೆ.

ಮದುವೆಯ ಬಗೆಯನ್ನೂ ಕೇಳಿ. ಮಕ್ಕಪರಿಜೆಯಲ್ಲೋ ಒಕ್ಕಪರಿಜೆಯಲ್ಲೋ ಆಗಿದ್ದರೆ ಮಕ್ಕಳು ತಾಯಿಯ ಒಕ್ಕಕ್ಕೆ ಸೇರಿರುತ್ತಾರೆ. ತಂದೆಯ ಒಕ್ಕದ ಜಮಾಬಂದಿಯಲ್ಲಿ ಅಂಥ ಹಿರಿಯನ ಗುರುತೇ ಸಿಗದೆ ಇಡೀ ಜಾಡು ಕಡಿದುಹೋದಂತೆ ಕಾಣುವುದು ಈ ಕಾರಣಕ್ಕೆ. ವಿಧವೆಯ ಮರುಮದುವೆ ಕೂಡಾವಳಿಯಾಗಿದ್ದರೆ ಒಬ್ಬಳೇ ತಾಯಿಯ ಮಕ್ಕಳು ಎರಡು ಒಕ್ಕಗಳಲ್ಲಿ ಹಂಚಿಹೋಗಿರುತ್ತಾರೆ.

ಕ್ರೈಸ್ತ ಕುಟುಂಬಗಳಿಗೆ ಮಾತ್ರ ಮದುವೆ ಪುಸ್ತಕವೇ ಆಧಾರ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ಯಾಥೊಲಿಕರಿಗೆ ದೊಡ್ಡವೀರರಾಜೇಂದ್ರರು ವಿರಾಜಪೇಟೆಯಲ್ಲಿ ನೆಲೆ ಕೊಟ್ಟದ್ದು 1792ರಲ್ಲಿ, ಸಂತ ಅನ್ನಮ್ಮನ ಚರ್ಚಿನ ಮೂಲ ಅಲ್ಲಿಯದು. ಹಳೆಯ ಕ್ಯಾಥೊಲಿಕ್ ಪುಸ್ತಕಗಳು ಲ್ಯಾಟಿನ್ನಿನಲ್ಲಿವೆ, ಹೆಸರುಗಳೂ ಲ್ಯಾಟಿನ್ ವೇಷ ಹಾಕಿರುತ್ತವೆ, ‘ಜೊವಾನ್ನೆಸ್’ ಎಂದರೆ ನಿಮ್ಮ ಜಾನ್. ‘ಫಿಲಿಯಸ್’ ಮಗ, ‘ಫಿಲಿಯಾ’ ಮಗಳು, ‘ವಿಡುವಾ’ ವಿಧವೆ, ‘ಟೆಸ್ಟೆಸ್’ ಸಾಕ್ಷಿಗಳು. ಸಾಕ್ಷಿಗಳ ಹೆಸರನ್ನು ಬಿಡದೆ ಬರೆದುಕೊಳ್ಳಿ, ಅವರು ಹೆಚ್ಚಾಗಿ ನೆಂಟರೇ. ರಕ್ತಸಂಬಂಧದ ರಿಯಾಯಿತಿ ಕೊಟ್ಟ ನಮೂದಿದ್ದರೆ ಗಂಡುಹೆಣ್ಣು ಎಷ್ಟನೇ ತಲೆಮಾರಿನ ಬಂಧುಗಳು ಎಂಬುದೇ ತಿಳಿಯುತ್ತದೆ. ಪುಸ್ತಕ ಮುಟ್ಟಲು ಧರ್ಮಗುರುಗಳ ಅನುಮತಿ ಬೇಕು, ಹೆಸರು ಮತ್ತು ಹತ್ತು ವರ್ಷದ ಅವಧಿ ಹೇಳಿ ಪತ್ರ ಬರೆದು ಹೋಗಿ.

ಬಾಸೆಲ್ ಮಿಶನ್ನಿಗೆ ಸೇರಿದವರು ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೂ ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರವನ್ನೂ ನೋಡಬೇಕು. ಜರ್ಮನ್ ಪಾದ್ರಿ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದವರು. ಅವರು ಕಟ್ಟಿದ ಆನಂದಪುರದ ಸಭೆಗೆ ಸೇರಿದ ಬಹುಪಾಲು ಜನ ಜಮೀನಿಲ್ಲದ ಹೊಲೆಯರು. ಜಮಾಬಂದಿಯಲ್ಲಿ ಯಾರ ಹೆಸರೂ ಇಲ್ಲದ, ಇನ್ನೊಬ್ಬರ ಜಮ್ಮಾ ಗದ್ದೆಯಲ್ಲಿ ದುಡಿದ ಕುಟುಂಬಗಳ ಹೆಸರನ್ನು ಬರೆದಿಟ್ಟದ್ದು ಅಂಥ ದೀಕ್ಷಾಸ್ನಾನದ ಪುಸ್ತಕಗಳೇ. 1854ರಿಂದ ಕಾಫಿ ತೋಟಗಳು ಬಂದ ಮೇಲೆ ತೋಟದ ಚೆಕ್‌ರೋಲ್ (ಹಾಜರಿ ಪುಸ್ತಕ), ಮುಂಗಡದ ಲೆಕ್ಕದ ಪುಸ್ತಕ ಇವು ಕೂಲಿಯವರ ಹೆಸರು ಉಳಿಸಿವೆ. ಹಳೆಯ ತೋಟದ ಬಂಗಲೆಯ ಅಟ್ಟದಲ್ಲಿ ಅಂಥದ್ದಿದ್ದರೆ ತೂಕಕ್ಕೆ ಮಾರಬೇಡಿ ಎಂದು ಮಾಲೀಕರನ್ನು ಬೇಡಿಕೊಳ್ಳಿ.

ಯುರೋಪಿಯನ್ ತೋಟಗಾರರ, ಆಂಗ್ಲೋ ಇಂಡಿಯನ್ನರ ಮದುವೆಗಳ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿ ‘ಎನ್/2’ ಸರಣಿ ಅದೇ. ಫೈಂಡ್‌ಮೈಪಾಸ್ಟ್ ಎಂಬ ಜಾಲತಾಣದಲ್ಲಿ ಹಣ ಕೊಟ್ಟು ಪುಟದ ಚಿತ್ರ ನೋಡಬಹುದು, ಫಿಬಿಸ್ ಎಂಬ ಸಂಘದ ಸೂಚಿ ಉಚಿತ. ಮಡಿಕೇರಿ ಕೋಟೆಯ ಸಂತ ಮಾರ್ಕರ ಚರ್ಚು 1859ರದ್ದು, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಪುಸ್ತಕ ಅಲ್ಲಿ ಹುಡುಕಬೇಡಿ. ಮುಸ್ಲಿಂ ಕುಟುಂಬಗಳು ನಿಕಾಹ್ ಪುಸ್ತಕಕ್ಕಾಗಿ ಹೆಣ್ಣಿನ ಊರಿನ ಜಮಾತಿನಲ್ಲಿ ಕೇಳಬೇಕು. ನಿಕಾಹ್ ಹೆಚ್ಚಾಗಿ ನಡೆಯುತ್ತಿದ್ದುದು ಅಲ್ಲಿ.

ತಾಳೆ ನೋಡುವುದು

ಯಾವುದೇ ಪುಸ್ತಕದ ಫೋಟೋ ತೆಗೆಯುವ ಮೊದಲು ಅನುಮತಿ ಕೇಳಿ, ಮೊದಲು ರಟ್ಟಿನ ಮೇಲಿನ ಹೆಸರಿನ ಫೋಟೋ, ಆಮೇಲೆ ಪುಟಸಂಖ್ಯೆ ಕಾಣುವಂತೆ ಇಡೀ ಪುಟ, ಕೊನೆಗೆ ಬೇಕಾದ ಸಾಲು. ಫ್ಲ್ಯಾಶ್ ಬೇಡ. ಬರೀ ಸಾಲಿನ ಫೋಟೋ ಇದ್ದರೆ ಆರು ತಿಂಗಳ ನಂತರ ಅದು ಯಾವ ಪುಸ್ತಕದ್ದೆಂದು ನಿಮಗೇ ತಿಳಿಯುವುದಿಲ್ಲ.

ಪಲ್ಟನ್ನಿನ ಕಾಗದದ ಮನುಷ್ಯನೂ ಜಮಾಬಂದಿಯ ಮನುಷ್ಯನೂ ಒಬ್ಬನೇ ಎನ್ನಲು ಒಕ್ಕ, ತಂದೆಯ ಹೆಸರು, ಗ್ರಾಮ ಮೂರೂ ಹೊಂದಬೇಕು. ಎರಡು ಹೊಂದಿ ಒಂದು ಗೊತ್ತಿಲ್ಲದಿದ್ದರೆ ವಂಶವೃಕ್ಷದಲ್ಲಿ ಚುಕ್ಕೆಗೆರೆ ಎಳೆದು, ಪಕ್ಕದಲ್ಲಿ ಯಾವ ಕಾಗದ ಬಾಕಿಯಿದೆ ಎಂದು ಬರೆಯಿರಿ. ಸೇನೆಗೆ ಸೇರುವಾಗ ವಯಸ್ಸು ಹೆಚ್ಚು ಕಡಿಮೆ ಹೇಳುತ್ತಿದ್ದುದರಿಂದ ನಾಲ್ಕೈದು ವರ್ಷದ ವ್ಯತ್ಯಾಸಕ್ಕೆ ಹೆದರಬೇಕಿಲ್ಲ. ತಂದೆಯ ಹೆಸರು ಬೇರೆಯಾಗಿದ್ದರೆ ಮಾತ್ರ ಮುಂದೆ ಹೋಗಬೇಡಿ. ದತ್ತು, ಉರುಫ್, ಮಕ್ಕಪರಿಜೆ ಈ ಮೂರರಲ್ಲಿ ಒಂದು ಕಾರಣ ಸಿಗುವವರೆಗೆ ಇಬ್ಬರನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ.